ಅಮ್ಮ ಕಚ್ಚಿದ ಸ್ಕ್ರೂಡ್ರೈವರ್

ಹೋದ ಸೋಮವಾರ ಬೆಳಿಗ್ಗೆ ಬನಶಂಕರಿ ಮೆಟ್ರೋ ನಿಲ್ದಾಣದಲ್ಲಿ ನನ್ನ ಬ್ಯಾಗು ಸಿಕ್ಕಿಬಿತ್ತು. ಎಕ್ಸ್‌ರೇ ಪೆಟ್ಟಿಗೆಯೊಳಗೆ ಹೋದದ್ದು ಆಚೆ ಬರಲೇ ಇಲ್ಲ. ಬೆಲ್ಟು ನಿಂತಿತು, ಹಿಂದಿನ ಸಾಲು ಗೊಣಗಿತು, ಭದ್ರತೆಯ ಹೆಣ್ಣುಮಗಳು ಪರದೆಯನ್ನು ಎರಡು ಸಲ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಊಟದ ಡಬ್ಬಿ, ಛತ್ರಿ, ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟು, ಇವುಗಳ ಸಂದಿಯಿಂದ ಒಂದು ಮೊಳದುದ್ದದ ಸ್ಕ್ರೂಡ್ರೈವರ್ ಹೊರಗೆ ಬಂತು. ಮರದ ಹಿಡಿಯ ಹಳೇ ಸ್ಕ್ರೂಡ್ರೈವರ್.

"ಇದ್ಯಾಕೆ ಮೇಡಂ?"

"ಪಾಠ ಮಾಡೋಕೆ."

ನಾನು ನಿಜವನ್ನೇ ಹೇಳಿದ್ದೆ, ಆದರೆ ಆಕೆ ನಂಬಲಿಲ್ಲ. ಕಾಲೇಜಿನ ಗುರುತಿನ ಚೀಟಿ ತೋರಿಸಿದೆ. ಚೀಟಿಯಲ್ಲಿರುವ ಮುಖವನ್ನೂ ನನ್ನ ಮುಖವನ್ನೂ ಹೋಲಿಸಿ ನೋಡಿ, ಸ್ಕ್ರೂಡ್ರೈವರಿನ ಹಿಡಿಯನ್ನು ತಿರುಗಿಸಿ ಬೆರಳಾಡಿಸಿದರು.

"ನಾಯಿ ಕಚ್ಚಿದ್ಯಾ?"

"ಇಲ್ಲ, ನಮ್ಮಮ್ಮ ಕಚ್ಚಿದ್ದು."

ಆಕೆ ತಮ್ಮ ಮೇಲಿನವರನ್ನು ಕರೆದು, ಪುಸ್ತಕದಲ್ಲಿ ನನ್ನ ಹೆಸರು ಬರೆಸಿಕೊಂಡು ಬಿಟ್ಟುಕಳಿಸಿದರು. ಇಂಥ ಮನೆಯವರನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಕ್ಷೇಮವಲ್ಲ ಅನ್ನಿಸಿರಬೇಕು. ಹಿಂದೆ ಅಷ್ಟು ಜನ ಕಾಯುತ್ತಿದ್ದಾಗ ಅಲ್ಲಿ ಪೂರ್ತಿ ಕಥೆ ಹೇಳಲು ಆಗಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೇನೂ ರೈಲು ತಪ್ಪುವುದಿಲ್ಲ.

ನಾನು ಪಾಠ ಮಾಡುವುದು ಸಿಗ್ನಲ್ ಅನಾಲಿಸಿಸ್, ಅದೂ ಯಂತ್ರಗಳಿಗೆ ಸಂಬಂಧಪಟ್ಟದ್ದು. ಮದುವೆ ಮನೆಗಳಲ್ಲಿ ಯಾರಾದರೂ ಇದೇನೆಂದು ಕೇಳಿದರೆ, ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವ ಹಾಗೆ ನಾವು ಮೋಟರು, ಪಂಪುಗಳಿಗೆ ಇಟ್ಟು ಕೇಳುತ್ತೇವೆ, ಅವುಗಳ ನಡುಕದಿಂದಲೇ ಒಳಗಿನ ಕಾಯಿಲೆ ಗೊತ್ತಾಗುತ್ತದೆ ಎನ್ನುತ್ತೇನೆ. ಆಗ ಅವರ ಮುಖ ಅರಳುತ್ತದೆ. ಹಾಗಾದರೆ ನಮ್ಮ ಮನೆಯ ಮಿಕ್ಸಿ ಒಂದು ಸಲ ನೋಡು ಎನ್ನುತ್ತಾರೆ. ಜೆ.ಪಿ. ನಗರದ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಮುಂಚೆ ಎರಡು ಮಿಕ್ಸಿ, ಒಂದು ವೆಟ್ ಗ್ರೈಂಡರ್ ನೋಡಿದ್ದೇನೆ. ಮೂರರಲ್ಲಿ ಒಂದೂ ಸರಿಹೋಗಲಿಲ್ಲ. ಕಾಯಿಲೆ ಹೇಳುವುದಷ್ಟೇ ನನ್ನ ಕೆಲಸ, ಗುಣ ಮಾಡುವವರು ಬೇರೆ ಎಂದು ಹೇಳಿ ಪಂಕ್ತಿಗೆ ಕೂತೆ.

ನಿಜ ಹೇಳಬೇಕೆಂದರೆ ಈ ವಿದ್ಯೆ ನನಗೆ ಕಾಲೇಜಿನಲ್ಲಿ ಶುರುವಾದದ್ದಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಫ್ಯಾಕ್ಟರಿಯ ಶಿಫ್ಟ್ ಕೆಲಸದ ಜೊತೆಗೆ ಇರಲಿ ಎಂದು ಹಾಕಿದ್ದು. ಅಪ್ಪ ಶಿಫ್ಟಿಗೆ ಹೋದ ಮೇಲೆ ನಡೆಸುತ್ತಿದ್ದವಳು ಅಮ್ಮ, ಅಪ್ಪ ತೀರಿಕೊಂಡ ಮೇಲೂ ಅಮ್ಮನೇ. ಅವಳು ಉತ್ತರಹಳ್ಳಿಯ ಹಳೇ ಒಕ್ಕಲು ಮನೆಯವಳು, ಓದಿದ್ದು ಏಳನೇ ಕ್ಲಾಸು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವಳ ರೆಪ್ಪೆಗಳೂ ಬೆಳ್ಳಗಾಗಿರುತ್ತಿದ್ದವು. ಅಲ್ಲೇ ರಾಗಿ ಮೂಟೆಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ನನ್ನ ಪುಸ್ತಕಗಳೂ ಬೆಳ್ಳಗೆ. ಪ್ರೈಮರಿಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ಸರೋಜ ಟೀಚರ್ ನನ್ನ ನೋಟ್‌ಬುಕ್ ಬಂದಾಗ ಮೊದಲು ಉಫ್ ಎಂದು ಊದಿ ಆಮೇಲೆ ತಿದ್ದುತ್ತಿದ್ದರು. ಅವರೂ ನಮ್ಮ ಗಿರಣಿಯ ಗಿರಾಕಿಯೇ, ಇವತ್ತಿಗೂ.

ಗಿರಣಿಯಲ್ಲಿ ಡಬ್ಬಗಳ ಸಾಲು ಎಂದರೆ ಸಾಮಾನ್ಯ ಸಂಗತಿಯಲ್ಲ. ರಾಗಿ ಬೀಸಿದ ಕೂಡಲೇ ತಮ್ಮ ಗೋಧಿ ಹಾಕಿಸಲು ಯಾರೂ ಒಪ್ಪುವುದಿಲ್ಲ, ಚಪಾತಿ ಕಪ್ಪಗಾಗುತ್ತದೆ. ಗೋಧಿಯವರೆಲ್ಲ ಮುಗಿದ ಮೇಲೆ ರಾಗಿಯವರು. ಅಕ್ಕಿ ಹಿಟ್ಟಿನವರಿಗೆ ಇನ್ನೂ ಹೆಚ್ಚಿನ ಮಡಿ. ಅಮ್ಮ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಇದರಲ್ಲಿ ಹಿಂದಿನವರ ಜೋಳ ಸೇರಿದೆ ಎಂದು ಹೇಳಿಬಿಡುತ್ತಿದ್ದಳು. ಮುಂದೆ ಎಂ.ಟೆಕ್.ನಲ್ಲಿ ಸ್ಪೆಕ್ಟ್ರಮ್ ಎಂದರೇನು ಎಂದು ತರಗತಿಯೇ ಪೇಚಾಡುತ್ತಿದ್ದಾಗ ನನಗೆ ಮಾತ್ರ ಕಷ್ಟವಾಗಲಿಲ್ಲ. ಯಂತ್ರದಿಂದ ಬರುವ ನಡುಕ ಎಲ್ಲ ಕಲೆಸಿಹೋದ ಹಿಟ್ಟು. ಅದನ್ನು ಒಂದರ ಕೆಳಗೊಂದು ಜರಡಿಗೆ ಹಾಕಿ, ಇದು ಮೋಟರಿನದು, ಇದು ಬೆಲ್ಟಿನದು, ಇದು ಬೇರಿಂಗಿನದು ಎಂದು ಬೇರೆ ಮಾಡಿ ತೋರಿಸುವುದೇ ಸ್ಪೆಕ್ಟ್ರಮ್. ಪರೀಕ್ಷೆಯಲ್ಲಿ ಹೀಗೇ ಬರೆದೆ. ಮಾರ್ಕ್ಸ್ ಕೊಡಲಿಲ್ಲ.

ಸ್ಕ್ರೂಡ್ರೈವರಿಗೆ ಬರುತ್ತೇನೆ. ಅಮ್ಮ ಪ್ರತಿದಿನ ಬೆಳಿಗ್ಗೆ ಮೊದಲ ಡಬ್ಬ ಸುರಿಯುವ ಮುಂಚೆ ಕಲ್ಲನ್ನು ಸ್ವಲ್ಪ ಸಡಿಲಿಸಿ ಮಿಷಿನನ್ನು ಬರಿದೇ ತಿರುಗಿಸುತ್ತಾಳೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಜಾಗಕ್ಕೆ ಒತ್ತಿ, ಹಿಡಿಯ ಹಿಂಬದಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ, ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿ ಕಣ್ಣು ಮುಚ್ಚುತ್ತಿದ್ದಳು. ಆ ಹೊತ್ತು ಸಾಲಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಹೊಸಬರು ಯಾರಾದರೂ ಫೋನಿನಲ್ಲಿ ಜೋರಾಗಿ ಮಾತು ತೆಗೆದರೆ ಹಳಬರೇ ಗದರಿಸುತ್ತಾರೆ. ಒಂದೇ ಸಮ ಬಡಿದರೆ, ಗುಂಡುಗಳು ಓಡುವ ಬೇರಿಂಗಿನ ಹೊರಗಿನ ಬಳೆ ಕೆಟ್ಟಿದೆ, ಏರುತ್ತ ಇಳಿಯುತ್ತ ಬಡಿದರೆ ಒಳಗಿನ ಬಳೆ ಎಂಬುದು ಅವಳ ಲೆಕ್ಕ. ಇದನ್ನೇ ನಾನು ಎಂ.ಟೆಕ್.ನಲ್ಲಿ ಎರಡು ತಿಂಗಳು ಗಣಿತ ಸಮೇತ ಓದಿದೆ.

ನನಗೆ ಏಳೆಂಟು ವರ್ಷವಿದ್ದಾಗ ಒಂದು ದಿನ ಅಮ್ಮ ಆ ಹಿಡಿಯನ್ನು ನನ್ನ ಕಿವಿಗೆ ಆನಿಸಿದಳು. "ಟಿಕ್ ಟಿಕ್ ಅಂತಿದೆ ನೋಡು. ಕೇಳಿಸ್ತಾ?" ನನಗೆ ಬರೀ ಭರ್ರೋ ಎನ್ನುವ ಸದ್ದು. ಕೇಳಿಸಲಿಲ್ಲ ಎಂದರೆ ದಡ್ಡಿಯಾಗುತ್ತೇನೆಂದು, ಕೇಳಿಸ್ತು ಎಂದೆ. ಅಮ್ಮ ನಕ್ಕು ಸ್ಕ್ರೂಡ್ರೈವರನ್ನು ವಾಪಸ್ ಮೊಳೆಗೆ ತೂಗುಹಾಕಿದಳು. ಸುಳ್ಳೆಂದು ಅವಳಿಗೆ ಗೊತ್ತಾಗಿತ್ತು, ಗೊತ್ತಾಗಿದೆ ಎಂದು ನನಗೂ ಗೊತ್ತಾಗಿತ್ತು.

ಎಂ.ಟೆಕ್. ಪ್ರಾಜೆಕ್ಟಿಗೆ ಯಂತ್ರವೊಂದು ಬೇಕಾದಾಗ ನಮ್ಮ ಗಿರಣಿ ಇರುವಾಗ ಬೇರೆ ಯಾಕೆ ಎಂದುಕೊಂಡೆ. ನಡುಕವನ್ನು ಹಿಡಿಯುವ ಸೆನ್ಸಾರ್, ಮಾರುದ್ದದ ಕೇಬಲ್, ಲ್ಯಾಪ್‌ಟಾಪ್ ಹೊತ್ತು ಬಂದೆ. ಅಯಸ್ಕಾಂತವಿದ್ದ ಆ ಪುಟ್ಟ ಸೆನ್ಸಾರ್ ಕಬ್ಬಿಣಕ್ಕೆ ಟಪ್ಪನೆ ಅಂಟಿಕೊಂಡದ್ದು ನೋಡಿ ಅಮ್ಮ ಅದಕ್ಕೆ ಬಿಲ್ಲೆ ಎಂದು ಹೆಸರಿಟ್ಟಳು. ಮಿಷಿನ್ ತಿರುಗಿತು, ಪರದೆಯ ಮೇಲೆ ಸೆಕೆಂಡಿಗೆ ಐವತ್ತು ನಡುಕದ ಹತ್ತಿರ ಒಂದು ಗೆರೆ ತೆಂಗಿನಮರದ ಎತ್ತರಕ್ಕೆ ಎದ್ದು ನಿಂತಿತು. ನಮ್ಮ ಮೋಟರು ಸೆಕೆಂಡಿಗೆ ಸುಮಾರು ಇಪ್ಪತ್ತನಾಲ್ಕು ಸುತ್ತು. ಅದರ ಎರಡರಷ್ಟರಲ್ಲಿ ಗೆರೆ ಎದ್ದರೆ ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟು, ನೆಟ್ಟಗೆ ಕೂತಿಲ್ಲ ಎಂದು ಪುಸ್ತಕದಲ್ಲಿದೆ. ನಲವತ್ತೆಂಟೇನು ಐವತ್ತೇನು, ಎಲ್ಲ ಒಂದೇ ಎಂದುಕೊಂಡೆ. ಶಾಫ್ಟು ಸೊಟ್ಟಗಿದೆ ಎಂದು ಡಬ್ಬದ ಸಾಲಿನ ಮುಂದೆ ಘೋಷಿಸಿದೆ.

ಅಮ್ಮ ಸ್ಕ್ರೂಡ್ರೈವರ್ ಇಟ್ಟು ಕೇಳಿ, ಏನೂ ಆಗಿಲ್ಲ ಎಂದಳು. ನಾನು ಬಿಡಲಿಲ್ಲ. ಗೌರಿ ಹಬ್ಬದ ವಾರ, ಕಡುಬಿನ ಅಕ್ಕಿ ಹಿಡಿದು ಬಂದವರೆಲ್ಲ ನಿಂತಿದ್ದರು. ಆದರೂ ಅಮ್ಮ ನನ್ನ ಓದಿನ ಮೇಲಿನ ಗೌರವಕ್ಕೆ ಗಿರಣಿ ನಿಲ್ಲಿಸಿ ಫಿಟ್ಟರ್ ನಂಜುಂಡಣ್ಣನನ್ನು ಕರೆಸಿದಳು. ಅವನು ಎರಡು ದಿನ ಬಿಚ್ಚಿದ. ಶಾಫ್ಟು ನೆಟ್ಟಗಿತ್ತು, ಬೇರಿಂಗ್ ಎರಡೂ ಮದುವೆಯ ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯುತ್ತಿದ್ದವು. ಅಷ್ಟರಲ್ಲಿ ಅಕ್ಕಿಯವರೆಲ್ಲ ಬೇರೆ ಗಿರಣಿಗೆ ಹೋಗಿದ್ದರು.

ಕಾಲೇಜಿಗೆ ಹೋಗಿ ನನ್ನ ಗೈಡ್ ಸಾರ್ ಮುಂದೆ ಗೋಳಾಡಿಕೊಂಡೆ. ಅವರು ಒಂದೇ ಪ್ರಶ್ನೆ ಕೇಳಿದರು. ಮಿಷಿನ್ ನಿಲ್ಲಿಸಿ ಒಂದು ಸಲ ಅಳೆದೆಯಾ? ಅಳೆದಿರಲಿಲ್ಲ. ಮನೆಗೆ ಬಂದು ನಿಂತ ಮಿಷಿನಿಗೆ ಬಿಲ್ಲೆ ಅಂಟಿಸಿ ನೋಡಿದರೆ ಆ ಗೆರೆ ಅಲ್ಲೇ, ಅಷ್ಟೇ ಎತ್ತರಕ್ಕೆ, ನೆಮ್ಮದಿಯಾಗಿ ನಿಂತಿದೆ. ಅದು ಗಿರಣಿಯ ನಡುಕವೇ ಅಲ್ಲ, ನಮ್ಮ ದೇಶದ ಕರೆಂಟಿನ ಗುಂಯ್‌ಗುಡುವಿಕೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡುತ್ತದಲ್ಲ, ಅದೇ ಐವತ್ತು. ನನ್ನ ಕೇಬಲ್ಲು ವೈರಿನ ಪಕ್ಕದಲ್ಲೇ ಮಲಗಿ ಅದನ್ನು ಕುಡಿದುಕೊಂಡಿತ್ತು. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಖ್ಯೆಯನ್ನು ಎಂ.ಟೆಕ್. ವಿದ್ಯಾರ್ಥಿನಿ ಶಾಫ್ಟಿನ ತಲೆಗೆ ಕಟ್ಟಿದ್ದಳು.

ಅಮ್ಮ ಬೈಯಲಿಲ್ಲ. ನಾನು ವಿವರಿಸಿದ್ದನ್ನೆಲ್ಲ ಕೇಳಿ ಆದ ಮೇಲೆ ಹೇಳಿದಳು: "ಮೊದ್ಲು ಮಿಷಿನ್ ನಿಲ್ಸಿ ಕೇಳ್ಬೇಕು ಮಗಳೆ. ನಿಂತ್ಮೇಲೂ ಕೇಳ್ಸಿದ್ರೆ ಅದು ಮಿಷಿನ್ದಲ್ಲ, ಕೇಳೋರ್ದು." ಈಗಲೂ ಪ್ರತಿ ಸೆಮಿಸ್ಟರಿನ ಮೊದಲ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುವ ವಾಕ್ಯ ಇದೇ. ಸಾಲಿನಲ್ಲಿದ್ದವರು ಮಾತ್ರ ಬಹಳ ದಿನ ಬಿಡಲಿಲ್ಲ. ಎಲ್ಲಿ ಏನು ಕೆಟ್ಟರೂ ಜಯಮ್ಮನ ಮಗಳಿಗೆ ತೋರಿಸಿ, ಶಾಫ್ಟು ಸೊಟ್ಟ ಅಂತಾಳೆ ಎಂದು ನಗುತ್ತಿದ್ದರು.

ಹದಿನೈದು ವರ್ಷ ಕಳೆಯಿತು. ನಾನು ಪಾಠ ಮಾಡುವವಳಾದೆ, ಮದುವೆಯಾಗಿ ಬಿಳೇಕಹಳ್ಳಿಯಲ್ಲಿ ಮನೆ ಮಾಡಿದೆ. ಅಮ್ಮನಿಗೆ ಎಪ್ಪತ್ತು ಹತ್ತಿರವಾದಾಗ ಗಿರಣಿ ಮುಚ್ಚು ಎಂದು ಹಟ ಹಿಡಿದೆ. ಹಿಟ್ಟಿನ ಧೂಳು, ಕೆಮ್ಮು, ಬೆಲ್ಟಿನ ಪಕ್ಕದಲ್ಲೇ ಹಾರುವ ಸೆರಗು, ಕಾರಣಗಳಿಗೇನು ಕೊರತೆ. ಪ್ರೊಫೆಸರಮ್ಮನ ತಾಯಿ ಇನ್ನೂ ರಾಗಿ ಬೀಸುತ್ತಾಳೆ ಎನ್ನುವವರ ಮಾತು ನನ್ನನ್ನು ಚುಚ್ಚುತ್ತಿತ್ತು ಎಂಬ ಕಾರಣವನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ, ನಾಚಿಕೆಯಾಗುತ್ತದೆ.

ಅಮ್ಮ ಒಂದು ದಿನ ಕೊನೆಯ ಮಾತು ಆಡಿದಳು. "ಕಿವಿ ಕೇಳೋವರ್ಗೂ ನಡೆಸ್ತೀನಿ. ಕೇಳ್ದೆ ಹೋದ್ ದಿನ ನಾನೇ ಬೀಗ ಹಾಕಿ ಬೀಗದ ಕೈ ನಿನ್ ಕೈಗೆ ಕೊಡ್ತೀನಿ. ಅಲ್ಲಿವರ್ಗೂ ಈ ಮಾತು ಎತ್ಬೇಡ." ಅಮ್ಮ ಕೊಟ್ಟ ಮಾತಿಗೆ ತಪ್ಪುವವಳಲ್ಲ. ನಾನೂ ಎತ್ತಲಿಲ್ಲ, ಕಾದೆ.

ಹೋದ ವರ್ಷದಿಂದ ಅವಳ ಟಿ.ವಿ.ಯ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಫೋನಿನಲ್ಲಿ ಎರಡೆರಡು ಸಲ ಹೇಳಿಸಿಕೊಂಡು, ಈ ಫೋನೇ ಸರಿಯಿಲ್ಲ ಎನ್ನುತ್ತಿದ್ದಳು. ಒಂದು ಸಲ ಹೋದಾಗ ಸ್ಕ್ರೂಡ್ರೈವರಿನ ಹಿಡಿಯ ಮೇಲೆ ಗುಳಿ ಗುಳಿ ಗುರುತು ಕಂಡಿತು. ಇಲಿ ಕಡಿದಿರಬೇಕು ಎಂದುಕೊಂಡೆ. ಗುರುತುಗಳನ್ನು ನೋಡಿ ಒಳಗಿನ ಕಾಯಿಲೆ ಕಂಡುಹಿಡಿಯುವುದನ್ನು ಹತ್ತಾರು ಮಕ್ಕಳಿಗೆ ಕಲಿಸಿದವಳ ತೀರ್ಮಾನ ಇದು.

ಮೂರು ತಿಂಗಳ ಹಿಂದೆ ಅಮ್ಮ ಫೋನ್ ಮಾಡಿ, ಭಾನುವಾರ ಬರುವಾಗ ನಿನ್ನ ಬಿಲ್ಲೆ ತಗೊಂಡು ಬಾ ಎಂದಳು. ಗೌರಿ ಹಬ್ಬದ ಆ ಪ್ರಸಂಗದ ನಂತರ ಅವಳು ಬಿಲ್ಲೆಯ ಹೆಸರೆತ್ತಿದ್ದು ಅದೇ ಮೊದಲು. ನನಗೆ ಒಳಗೊಳಗೇ ಹಿಗ್ಗು, ಕೊನೆಗೂ ನನ್ನ ವಿದ್ಯೆಗೆ ಬೆಲೆ ಬಂತೆಂದು.

ಭಾನುವಾರದ ಮಧ್ಯಾಹ್ನ, ಸಾಲೆಲ್ಲ ಕರಗಿ ಸರೋಜ ಟೀಚರೊಬ್ಬರೇ ರಾಗಿ ಡಬ್ಬದ ಪಕ್ಕ ಸ್ಟೂಲಿನಲ್ಲಿ ಕೂತಿದ್ದರು. ಹದಿನೈದು ದಿನದಿಂದ ಮೋಟರಿನ ಕಡೆ ಸಣ್ಣಗೆ ಸಿಳ್ಳೆ ಹೊಡೆಯುತ್ತಿದೆ, ಏನೆಂದು ತಿಳಿಯುತ್ತಿಲ್ಲ ಎಂದಳು ಅಮ್ಮ. ನನಗೆ ಯಾವ ಸಿಳ್ಳೆಯೂ ಕೇಳಲಿಲ್ಲ. ಬುದ್ಧಿ ಕಲಿತವಳಲ್ಲವೇ, ಮೊದಲು ಮಿಷಿನ್ ನಿಲ್ಲಿಸು ಎಂದೆ. ಅಮ್ಮ ಕೆಂಪು ಗುಂಡಿ ಒತ್ತಿದಳು. ಬೆಲ್ಟು ಪಟಪಟ ಬಡಿದು ನಿಧಾನವಾಯಿತು, ಕಲ್ಲು ಕೊನೆಯ ಸುತ್ತು ತಿರುಗಿ ನಿಂತಿತು. ಬೀದಿಯ ಕಡೆಯಿಂದ ಸೊಪ್ಪಿನವಳ ಕೂಗು ಕೇಳಿಸಿತು.

ಅಮ್ಮ ತಲೆ ವಾಲಿಸಿಕೊಂಡು ನಿಂತೇ ಇದ್ದಳು.

"ಇನ್ನೂ ಹೊಡೀತಿದೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತಿದೆ ತಾನೆ?"

"ನಿಂತಿದೆ ಅಮ್ಮ."

ತಾನೇ ಹೇಳಿಕೊಟ್ಟ ಪಾಠ ಅವಳಿಗೆ ನೆನಪಿಸುವ ಅಗತ್ಯವಿರಲಿಲ್ಲ. ಅವಳು ಮೂಟೆಯ ಮೇಲೆ ಕೂತಳು. ಸೊಂಟದಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಮೂರು ವರ್ಷ ನಾನು ಕಾದಿದ್ದು ಇದಕ್ಕೇ. ಕೈಗೆ ಬಂದಾಗ ಅದು ಸುಡುತ್ತಿತ್ತು. ನನಗೆ ಅಳು ಬಂತು, ಆದರೆ ಅಮ್ಮ ಅಳದೇ ಇರುವಾಗ ನಾನು ಅಳುವುದು ಹೇಗೆ?

ನಮ್ಮಿಬ್ಬರನ್ನೂ ಉಳಿಸಿದವರು ಸರೋಜ ಟೀಚರ್. ಅವರಿಗೆ ಬೀಗದ ಕೈಯ ಕಥೆ ಏನೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೆ, ರಾತ್ರಿಯ ಮುದ್ದೆಗೆ ಮನೆಯಲ್ಲಿ ಹಿಟ್ಟಿಲ್ಲ. "ಜಯಾ, ನನ್ ರಾಗಿ ಒಂದ್ ಹಾಕ್ಬಿಡು. ಆಮೇಲೆ ತಾಯಿ ಮಗಳು ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಟೀಚರ್ ಮಾತನ್ನು ಅಮ್ಮ ಯಾವತ್ತೂ ಮೀರಿದವಳಲ್ಲ. ಎದ್ದು ಮಿಷಿನ್ ಹಾಕಿ ರಾಗಿ ಸುರಿದಳು. ತಂದದ್ದಾಗಿದೆ ಎಂದು ನಾನು ಬಿಲ್ಲೆಯನ್ನು ಮೋಟರಿನ ಕಡೆ ಇಟ್ಟೆ, ಸ್ವಚ್ಛವಾಗಿತ್ತು. ಬೆಲ್ಟು ಸುತ್ತುವ ಗಿರಣಿಯ ಪುಲ್ಲಿಯ ಕಡೆ ಇಟ್ಟೆ. ಪರದೆಯ ಮೇಲೆ ಸಮ ಅಂತರದಲ್ಲಿ ಗೆರೆಗಳು ಎದ್ದವು, ಒಂದರ ಪಕ್ಕ ಒಂದು, ಏಣಿಯ ಮೆಟ್ಟಿಲಿನ ಹಾಗೆ. ಅಲ್ಲಿನ ಬೇರಿಂಗ್ ನಿಜವಾಗಿಯೂ ಕೆಡುತ್ತಿತ್ತು. ಅಮ್ಮನಿಗೆ ಇಲ್ಲದ ಸಿಳ್ಳೆ ಕೇಳಿ, ಇರುವ ರೋಗ ಕೇಳದೆ ಹೋಯಿತಲ್ಲ ಎಂದು ಲ್ಯಾಪ್‌ಟಾಪನ್ನು ಅವಳಿಗೆ ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಿದೆ.

ಅಷ್ಟರಲ್ಲಿ ಅಮ್ಮ ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದಳು. ಅಭ್ಯಾಸ ಬಲ. ಕಿವಿಗೆ ಆನಿಸಲಿಲ್ಲ. ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಮೋಟರಿಗೆ ಒತ್ತಿದಳು, ಬಿಟ್ಟಳು, ಪುಲ್ಲಿಯ ಕಡೆ ಒತ್ತಿದಳು. ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, ದವಡೆ ಬಿಗಿದು ನಿಂತಳು. ಸರೋಜ ಟೀಚರ್ ಮಾತು ನಿಲ್ಲಿಸಿದರು. ಇಲಿ ಯಾವುದೆಂದು ನನಗೆ ಆಗ ಗೊತ್ತಾಯಿತು.

ಬಾಯಿಂದ ಹಿಡಿ ತೆಗೆದು ಅಮ್ಮ ಹೇಳಿದಳು: "ಪುಲ್ಲಿ ಕಡೆ ಬೇರಿಂಗು. ಹೊರಗಿನ್ ಬಳೆ. ಒಂದೇ ಸಮ ಬಡೀತಿದೆ."

ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಸುತ್ತಿನ ವೇಗ, ಬೇರಿಂಗಿನ ಗುಂಡುಗಳ ಸಂಖ್ಯೆ ಹಾಕಿ ಲೆಕ್ಕ ಮಾಡಿದೆ, ನಂಬಿಕೆಯಾಗದೆ ಇನ್ನೊಂದು ಸಲ ಮಾಡಿದೆ. ಹೊರಗಿನ ಬಳೆಯೇ. ನನ್ನ ಎರಡು ಡಿಗ್ರಿ, ಕಾಲೇಜಿನವರು ತರಿಸಿದ ಸೆನ್ಸಾರ್, ಇಷ್ಟೆಲ್ಲ ಸೇರಿ ಹೇಳಿದ್ದನ್ನು ಅವಳು ಹಲ್ಲಿನಲ್ಲಿ ಹೇಳಿದ್ದಳು. ನನ್ನ ಜೀವಮಾನದಲ್ಲಿ ಯಾರ ಬಗ್ಗೆಯೂ ಅಷ್ಟು ಹೆಮ್ಮೆ ಪಟ್ಟದ್ದಿಲ್ಲ, ನನ್ನ ಬಗ್ಗೆಯಂತೂ ಇಲ್ಲವೇ ಇಲ್ಲ.

"ಕೇಳ್ದೆ ಹೋದ್ ದಿನ ಅಂತ ಹೇಳಿದ್ದೆ ನೀನು," ಎಂದೆ, ಅವಳ ಕಿವಿಯ ಹತ್ತಿರ ಬಾಯಿಟ್ಟು. "ಆ ದಿನ ಇನ್ನೂ ಬಂದಿಲ್ಲ." ಬೀಗದ ಕೈಯನ್ನು ನಾನೇ ಅವಳ ಸೊಂಟಕ್ಕೆ ಸಿಕ್ಕಿಸಿದೆ. ಅಮ್ಮ ಬೇಡ ಎನ್ನಲಿಲ್ಲ. ಟೀಚರ್ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಇನ್ನೂ ನುಣ್ಣಗೆ ಬರಬಹುದಿತ್ತು ಎಂದು ಹೇಳಿ ಡಬ್ಬ ಎತ್ತಿಕೊಂಡು ಹೋದರು.

ಮರುದಿನ ನಂಜುಂಡಣ್ಣ ಬಿಚ್ಚಿದ. ಹೊರಗಿನ ಬಳೆಯಲ್ಲಿ ಒಂದು ರಾಗಿ ಕಾಳಿನಷ್ಟು ಗುಳಿ. ಈ ಸಲ ಮಗಳ ಶಾಫ್ಟು ಸೊಟ್ಟ ಇಲ್ಲವಲ್ಲ ಎಂದು ನಗುತ್ತಲೇ ಹೊಸದು ಹಾಕಿಕೊಟ್ಟ. ಜಯನಗರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯ ಪರದೆಯ ಕಡೆಯ ದಾರಿ ಕೆಟ್ಟಿದೆ, ಮೂಳೆಯ ಕಡೆಯಿಂದ ಇನ್ನೂ ಚೆನ್ನಾಗಿ ಕೇಳುತ್ತದೆ, ಸಿಳ್ಳೆ ಕಿವಿಯದೇ ಎಂದರು. ಅಮ್ಮನಿಗೆ ಅದು ಹೊಸ ವಿಷಯವಾಗಿರಲಿಲ್ಲ. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದೇನೆ, ಧಾರಾವಾಹಿಗೆ ಹಾಕಿಕೊಳ್ಳುತ್ತಾಳೆ, ಗಿರಣಿಯಲ್ಲಿ ತೆಗೆದಿಡುತ್ತಾಳೆ. ತಿಂಗಳಿಗೊಂದು ಭಾನುವಾರ ನಾನು ಬಿಲ್ಲೆ ತರುತ್ತೇನೆ. ಮೊದಲು ಅವಳು ಕಚ್ಚಿ ಹೇಳಬೇಕು, ಆಮೇಲೆ ನಾನು ಪರದೆ ತೋರಿಸಬೇಕು ಎಂಬ ಕಟ್ಟುನಿಟ್ಟು ಅವಳದೇ.

ಸೋಮವಾರ ಆ ಸ್ಕ್ರೂಡ್ರೈವರ್ ನನ್ನ ಬ್ಯಾಗಿನಲ್ಲಿದ್ದದ್ದು ಈ ಸೆಮಿಸ್ಟರಿನ ಮೊದಲ ಲ್ಯಾಬಿಗೆ. ಭಾನುವಾರ ಕೇಳಿದಾಗ ಒಂದೇ ದಿನಕ್ಕೆ, ಸಂಜೆ ಹೊತ್ತು ಮುಳುಗುವುದರೊಳಗೆ ವಾಪಸ್ ಎಂಬ ಷರತ್ತಿನ ಮೇಲೆ ಕೊಟ್ಟಿದ್ದಳು. ಲ್ಯಾಬಿನಲ್ಲಿ ಬೇಕೆಂದೇ ಕೆಟ್ಟ ಬೇರಿಂಗ್ ಹಾಕಿಟ್ಟ ಮೋಟರೊಂದಿದೆ. ಮಕ್ಕಳಿಗೆ ಮೊದಲು ಮೋಟರು ನಿಲ್ಲಿಸಿ ಅಳೆಯಲು ಹೇಳಿದೆ. ಆಮೇಲೆ ಮೋಟರು ಹಾಕಿ, ಸೆನ್ಸಾರ್ ಇಡುವ ಮುಂಚೆ, ಇಪ್ಪತ್ತೆಂಟು ಜನರ ಮುಂದೆ ಆ ಹಿಡಿಯನ್ನು ನಾನೇ ಹಲ್ಲಿನಲ್ಲಿ ಕಚ್ಚಿದೆ. ನಗಬೇಡಿ, ಅವರೂ ನಗಲಿಲ್ಲ.

ಸಂಜೆ ಗಿರಣಿಗೆ ಹೋಗಿ ಕೊಟ್ಟೆ. ಸಾಲಿನಲ್ಲಿ ನಾಲ್ಕು ಡಬ್ಬಗಳಿದ್ದವು. ಅಮ್ಮ ಸ್ಕ್ರೂಡ್ರೈವರನ್ನು ಬೆಳಕಿಗೆ ಹಿಡಿದು ಹಿಡಿಯನ್ನು ತಿರುಗಿಸಿ ನೋಡಿದಳು. ಅವಳ ಗುರುತುಗಳ ಪಕ್ಕದಲ್ಲಿದ್ದ ಹೊಸ ಗುರುತಿನ ಮೇಲೆ ಹೆಬ್ಬೆರಳು ನಿಂತಿತು.

"ಇದ್ಯಾರ್ದು?"

"ನಂದು."

"ಕೇಳಿಸ್ತಾ?"

"ಕೇಳಿಸ್ತಮ್ಮ. ಟಿಕ್ ಟಿಕ್ ಅಂತಿತ್ತು."

ಅಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಿಜವೆಂದು ಅವಳಿಗೆ ಗೊತ್ತಾಯಿತು. ಸ್ಕ್ರೂಡ್ರೈವರನ್ನು ಮೊಳೆಗೆ ತೂಗುಹಾಕಿ, ಮುಂದಿನ ಡಬ್ಬ ಎತ್ತಿ ಸುರಿದಳು.